ಇಷ್ಟು ಚುಕ್ಕಿಗೆ ಇಷ್ಟು ದುಡ್ಡಾ? ಆಸ್ಟ್ರೇಲಿಯಾದಿಂದ ತರಿಸಿದ ಒಂದು ಅಬೊರಿಜಿನಲ್ ಚಿತ್ರದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಚಿಕ್ಕ ರಿವ್ಯೂ ಅಲ್ಲ. ಆಸ್ಟ್ರೇಲಿಯಾದ ಮರುಭೂಮಿಯ ಒಂದು ಅಬೊರಿಜಿನಲ್, ಅಂದರೆ ಅಲ್ಲಿನ ಮೂಲನಿವಾಸಿಗಳ, ಕಲಾಕೇಂದ್ರದಿಂದ ಆನ್‌ಲೈನ್‌ನಲ್ಲಿ ಒಂದು ಚುಕ್ಕಿ ಚಿತ್ರ ತರಿಸಿದೆ. 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣ. ಈಗ ಬಿಜೈಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟಿವಿಯ ಎದುರು ಗೋಡೆಯಲ್ಲಿ ಉಂಟು. ಚಿತ್ರಕ್ಕೆ ಐದಕ್ಕೆ ಐದು ಸ್ಟಾರ್. ಪಾರ್ಸೆಲ್, ವೆಬ್‌ಸೈಟು, ಸುಂಕದ ತಲೆನೋವು ಎಲ್ಲ ಸೇರಿ ಮೂರು. ಮಂಗಳೂರಿನಲ್ಲಿ ಫ್ರೇಮ್ ಹಾಕಿಸಿದ್ದಕ್ಕೆ ಎರಡೂವರೆ, ಅದೂ ಅಂಗಡಿಯವರು ಒಳ್ಳೆಯ ಜನ ಅನ್ನುವ ಕಾರಣಕ್ಕೆ.

ಕೇಂದ್ರದ ಹೆಸರು ಬೇಕಂತಲೇ ಹಾಕಿಲ್ಲ. ಇಂಥ ಕೇಂದ್ರಗಳು ಅಲ್ಲಿ ಹತ್ತಾರು ಉಂಟು, ಎಷ್ಟೋ ಕೇಂದ್ರಗಳು ಕಲಾವಿದರದ್ದೇ ಒಡೆತನದವು. ನಿಮಗೆ ಬೇಕಾದದ್ದು ನೀವೇ ಹುಡುಕಿ. ನಾನು ಹೇಳಲು ಹೊರಟದ್ದು ಎಂಥ ಚಿತ್ರಕ್ಕೆ ದುಡ್ಡು ಕೊಡಬೇಕು, ಎಂಥದ್ದಕ್ಕೆ ಕೊಡಬಾರದು ಅಂತ.

ಇದಕ್ಕೆಲ್ಲ ಕಾರಣ ನಮ್ಮ ಊರಿನದ್ದೇ ಒಂದು ಮನೆ ಅಲಂಕಾರದ ಅಂಗಡಿ. ಅಲ್ಲಿ ದೊಡ್ಡ ದೊಡ್ಡ ಕ್ಯಾನ್ವಾಸ್ ಪ್ರಿಂಟುಗಳು ಸಾಲಾಗಿ ನೇತಾಡುತ್ತಿದ್ದವು. ಬುದ್ಧ, ಓಡುವ ಏಳು ಕುದುರೆ, ಅದರ ಪಕ್ಕದಲ್ಲಿ ಚುಕ್ಕಿ ಚುಕ್ಕಿಯ ಆಮೆ, ಕಾಂಗರೂ. ಚೀಟಿಯಲ್ಲಿ 'ಅಬೊರಿಜಿನಲ್ ಡಾಟ್ ಆರ್ಟ್, ಮಲ್ಟಿಕಲರ್' ಅಂತ ಇತ್ತು. ಇದು ಯಾರು ಬಿಡಿಸಿದ್ದು ಅಂತ ಕೇಳಿದೆ. ಹುಡುಗ ಪಾಪ, "ಅದು ಕಂಪನಿದ್ದು ಮೇಡಂ, ಎಂತ ಕಲರ್ ಸೋಫಾಕ್ಕೂ ಮ್ಯಾಚ್ ಆಗ್ತದೆ" ಅಂದ. ಅವನ ತಪ್ಪೇನೂ ಇಲ್ಲ. ಆದರೆ ಆ ಪ್ರಿಂಟಿನಲ್ಲಿ ಕಲಾವಿದರ ಹೆಸರಿಲ್ಲ, ಊರಿಲ್ಲ, ಭಾಷೆ ಇಲ್ಲ, ಕತೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಬಿಳಿಯರು ಬಂದು ನೆಲೆಸುವ ಹೊತ್ತಿಗೆ 250ಕ್ಕೂ ಹೆಚ್ಚು ಮೂಲಭಾಷೆಗಳಿದ್ದವು. 'ಅಬೊರಿಜಿನಲ್ ಆರ್ಟ್' ಅಂತ ಒಂದೇ ಚೀಟಿ ಅಂಟಿಸಿದರೆ ಯಾರದ್ದು ಅಂತ ತಿಳಿಯುವುದು ಹೇಗೆ?

ಹಾಗಾಗಿ ಮೂಲದಿಂದಲೇ ತರಿಸಿದೆ. ಸಾಗಾಟ, ಸುಂಕ ಎಲ್ಲ ಸೇರಿ ಒಂದು ಸಾಧಾರಣ ಮೊಬೈಲಿನ ಬೆಲೆ ಆಯಿತು. ನಮ್ಮವರು ಬಿಲ್ ನೋಡಿ, "ಇಷ್ಟು ಚುಕ್ಕಿಗೆ ಇಷ್ಟು ದುಡ್ಡಾ ಮಾರಾಯ್ತಿ?" ಅಂದರು. ಅವರಿಗೆ ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಈ ರಿವ್ಯೂ ಓದಲಿ.

ಚಿತ್ರ ಮೊದಲು ನೋಡೋಣ. ಕಪ್ಪು ನೆಲ. ಅದರ ಮೇಲೆ ನೀಲಿ, ನೇರಳೆ, ಬಿಳಿ, ಅಲ್ಲಲ್ಲಿ ಎದ್ದು ಕಾಣುವ ಕಿತ್ತಳೆ ಚುಕ್ಕಿಗಳು. ಫೋಟೋದಲ್ಲಿ ಇದು ಚಪ್ಪಟೆಯಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದಾಗ ಬೇರೆಯೇ. ಒಂದೊಂದು ಚುಕ್ಕಿಯೂ ಸ್ವಲ್ಪ ಉಬ್ಬಿಕೊಂಡಿದೆ, ಕೆಲವು ಕಡೆ ಬಣ್ಣ ದಪ್ಪ, ಕೆಲವು ಕಡೆ ಕೋಲಿನ ತುದಿಯಲ್ಲಿ ಬಣ್ಣ ಮುಗಿಯುತ್ತಾ ಬಂದು ಚುಕ್ಕಿ ಸಣ್ಣದಾಗಿದೆ. ಮತ್ತೆ ಕೋಲು ಅದ್ದಿದ್ದು ಎಲ್ಲಿ ಅಂತ ಗುರುತಿಸಬಹುದು. ನಾನು ಸುಮ್ನೆ ಅದನ್ನೇ ನೋಡುತ್ತಾ ಕೂತದ್ದುಂಟು. ನಡುವೆ ಏಳು ಗುರುತುಗಳು, ಇಂಗ್ಲಿಷಿನ ಯು ಅಕ್ಷರದ ಹಾಗೆ. ಮರಳಿನ ಮೇಲೆ ಕೂತು ಎದ್ದವರು ಬಿಟ್ಟುಹೋಗುವ ಗುರುತು ಅದು. ಅಂದರೆ ಏಳು ಜನ ಕೂತಿದ್ದಾರೆ. ಆ ಕಡೆಯ ಹೆಂಗಸರು ಮರಳಿನಲ್ಲಿ ಬೆರಳಾಡಿಸಿ ಮಕ್ಕಳಿಗೆ ಕತೆ ಹೇಳುವಾಗ ಇದೇ ಗುರುತುಗಳನ್ನು ಹಾಕುತ್ತಾರೆ. ಒಂದರೊಳಗೊಂದು ಸುತ್ತು ಹಾಕಿದರೆ ಅದು ನೀರಿನ ಜಾಗ, ಇಲ್ಲವೇ ಬೀಡುಬಿಟ್ಟ ಜಾಗ. ಯಾವುದು ಅಂತ ಕತೆ ಗೊತ್ತಿದ್ದವರಿಗೇ ಗೊತ್ತು.

ಕತೆ ಎಂತ ಅಂದರೆ, ಏಳು ಜನ ಅಕ್ಕತಂಗಿಯರು. ವಾರ್ಲ್‌ಪಿರಿ ಎಂಬ ಜನರ ಕತೆ ಇದು. ಎಲ್ಲರೂ ನಪಾಲ್ಜಾರಿ ಎಂಬ ಬಳಿಯವರು (ಬಳಿ ಅಂದರೆ ಗೋತ್ರದ ಹಾಗೆ ಹುಟ್ಟಿನಿಂದ ಬರುವ ಗುಂಪು). ಅವರ ಹಿಂದೆ ಒಬ್ಬ ಗಂಡಸು ಬೀಳುತ್ತಾನೆ, ಅವನು ಬೆಳ್ಳಿ ಚುಕ್ಕಿ. ಓಡಿ ಓಡಿ ಕೊನೆಗೆ ತಪ್ಪಿಸಿಕೊಳ್ಳಲು ಅವರು ಬೆಂಕಿಯಾಗಿ ಆಕಾಶಕ್ಕೆ ಏರಿ ನಕ್ಷತ್ರಗಳಾಗುತ್ತಾರೆ. ಅವನು ಇವತ್ತಿಗೂ ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಆ ಏಳು ನಕ್ಷತ್ರಗಳು ಬೇರೆ ಯಾವುದೂ ಅಲ್ಲ, ನಮ್ಮ ಕೃತ್ತಿಕೆ!

ಇದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆಯ ಊರು ಕಾಪು ಕಡೆ. "ಕೃತ್ತಿಕೆ ಆರಲ್ವಾ?" ಅಂದರು. ಹೌದು, ನಮ್ಮ ಪುರಾಣದಲ್ಲಿ ಷಣ್ಮುಖನಿಗೆ ಹಾಲು ಕೊಟ್ಟ ತಾಯಂದಿರು ಆರೇ ಜನ. ಮಹಾಭಾರತದ ಕತೆಯಲ್ಲಿ ಅವರು ಸಪ್ತರ್ಷಿಗಳ ಹೆಂಡತಿಯರು, ಏಳನೆಯ ಅರುಂಧತಿ ಮಾತ್ರ ವಸಿಷ್ಠರ ಜೊತೆಯಲ್ಲೇ ಉಳಿಯುತ್ತಾಳೆ. ಆ ಹೆಂಗಸರ ಮೇಲೆ ಆಸೆಪಟ್ಟವನು ಅಗ್ನಿ. ಕೃತ್ತಿಕಾ ನಕ್ಷತ್ರದ ದೇವತೆಯೂ ಅಗ್ನಿಯೇ. ಅಲ್ಲಿ ಹೆಂಗಸರು ಬೆಂಕಿಯಾದರು, ಇಲ್ಲಿ ಬೆಂಕಿಯೇ ಹೆಂಗಸರ ಹಿಂದೆ ಬಿತ್ತು. ಇದಕ್ಕೂ ಅದಕ್ಕೂ ಸಂಬಂಧ ಉಂಟು ಅಂತ ನಾನು ಹೇಳುತ್ತಿಲ್ಲ, ಅಂಥ ವಾಟ್ಸಾಪ್ ಸಂಶೋಧನೆ ನಮಗೆ ಬೇಡ. ಆದರೆ ಒಂದೇ ಚುಕ್ಕಿಗುಂಪು ನೋಡಿ ಎರಡು ಕಡೆಯ ಅಜ್ಜಿಯಂದಿರು ಹೆಂಗಸರನ್ನೂ ಬೆಂಕಿಯನ್ನೂ ಸೇರಿಸಿ ಕತೆ ಕಟ್ಟಿದ್ದಾರೆ ಅನ್ನುವುದು ನನಗಂತೂ ದುಡ್ಡು ವಸೂಲಿ ಅನ್ನಿಸಿತು.

ಆಮೇಲೆ ಅತ್ತೆ ಕೇಳಿದ ಪ್ರಶ್ನೆಯೇ ಈ ರಿವ್ಯೂಗೆ ಕಾರಣ. "ಇದನ್ನು ಯಾರು ಬೇಕಾದ್ರೂ ಬಿಡಿಸಬಹುದಾ?"

ಬಿಡಿಸುವ ಹಾಗಿಲ್ಲ. ಚಿತ್ರದ ಜೊತೆ ಬಂದ ಕಾಗದದಲ್ಲಿ ಅದು ಸ್ಪಷ್ಟವಾಗಿ ಉಂಟು. ಕಲಾವಿದೆಯ ಹೆಸರು, ಅವರ ಬಳಿಯ ಹೆಸರು, ಭಾಷೆ, ಊರು, ಚಿತ್ರದ ನಂಬರು, ಕತೆ, ಈ ಕತೆ ಯಾವ ಯಾವ ಬಳಿಯವರ ವಶದಲ್ಲಿದೆ ಅನ್ನುವ ವಿವರ. ವಾರ್ಲ್‌ಪಿರಿ ಜನರಲ್ಲಿ ಎಂಟು ಬಳಿಗಳು. ಗಂಡಸರ ಬಳಿ ಹೆಸರು 'ಜ'ದಿಂದ, ಹೆಂಗಸರದ್ದು 'ನ'ದಿಂದ ಶುರುವಾಗುತ್ತದೆ. ತಂದೆಯ ಕಡೆಯಿಂದ ಕತೆ ಬಂದವರು ಕಿರ್ಡಾ, ಅವರು ಕತೆಯ ಒಡೆಯರು. ತಾಯಿಯ ಕಡೆಯಿಂದ ಸಂಬಂಧ ಇದ್ದವರು ಕುರ್ಡುಂಗುರ್ಲು, ಅವರು ಕಾವಲಿನವರು. ಒಡೆಯರು ಬಿಡಿಸುವಾಗ, ಹಾಡುವಾಗ, ಕುಣಿಯುವಾಗ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವುದು ಕಾವಲಿನವರ ಕೆಲಸ. ಹಾಗಾಗಿ ಕತೆ ಒಬ್ಬರ ಆಸ್ತಿ ಅಲ್ಲ. ಒಬ್ಬರೇ ಮಾರುವ ಹಾಗೂ ಇಲ್ಲ, ಮನಸ್ಸಿಗೆ ಬಂದ ಹಾಗೆ ಬದಲಾಯಿಸುವ ಹಾಗೂ ಇಲ್ಲ.

ಅತ್ತೆಗೆ ಇದು ಹತ್ತೇ ನಿಮಿಷದಲ್ಲಿ ಅರ್ಥವಾಯಿತು, ನಾನು ಇದನ್ನು ಓದಿ ಓದಿ ತಿಳಿದುಕೊಳ್ಳಬೇಕಾಯಿತು. ಅಳಿಯಕಟ್ಟಿನ ಮನೆಯವರಿಗೆ ತಾಯಿಯ ಕಡೆಯಿಂದ ಬಳಿ ಬರುವುದು, ಯಾವ ಮನೆಯವರಿಗೆ ಯಾವ ದೈವದ ಮುಂದೆ ಯಾವ ಕೆಲಸ ಅನ್ನುವುದು ಯಾರೂ ಹೇಳಿಕೊಡಬೇಕಾಗಿಲ್ಲ. ದೈವ ಕಟ್ಟುವವರು ಬೇರೆ, ಗುತ್ತಿನ, ಅಂದರೆ ಊರಿನ ಹಿರಿಮನೆಯ, ಯಜಮಾನರು ಬೇರೆ, ದೀವಟಿಗೆ ಹಿಡಿಯುವವರು ಬೇರೆ. ಈಗ ಕೆಲವು ವರ್ಷಗಳಿಂದ ಫ್ಯಾನ್ಸಿ ಡ್ರೆಸ್‌ಗೂ ರೀಲ್ಸ್‌ಗೂ ದೈವದ ವೇಷ ಹಾಕಿ ಕೂಗುವವರನ್ನು ನೋಡಿ ತುಳುನಾಡಿನಲ್ಲಿ ಎಷ್ಟು ಜನ ಬೇಸರ ಮಾಡಿಕೊಂಡರು, ಪೊಲೀಸ್ ದೂರಿನವರೆಗೂ ಹೋಯಿತು ಅಲ್ವಾ? ಅದೇ ಸಂಕಟ ಈ ವಾರ್ಲ್‌ಪಿರಿ ಜನರದ್ದೂ. ಚೆಂದ ಉಂಟು ಅಂತ ಕಾಪಿ ಹೊಡೆದವರಿಗೆ ಅದು ಡಿಸೈನ್. ಇವರಿಗೆ ಅದು ಮನೆ, ಜಾಗ, ಹಿರಿಯರು.

ನಾಗಮಂಡಲ ನೋಡಿದವರಿಗೆ ಇನ್ನೂ ಒಂದು ವಿಷಯ ಸುಲಭವಾಗಿ ಹತ್ತುತ್ತದೆ. ಐದು ಬಣ್ಣದ ಪುಡಿಯಲ್ಲಿ ನೆಲದ ಮೇಲೆ ಮಂಡಲ ಬರೆಯುವುದು, ಅದಕ್ಕೆ ವೈದ್ಯರು ಎಂಬ ಸಮುದಾಯದವರೇ ಬೇಕು, ರಾತ್ರಿಯಿಡೀ ಕುಣಿತ, ಆಮೇಲೆ ಮಂಡಲ ಉಳಿಯುವುದಿಲ್ಲ. ಮರುಭೂಮಿಯ ಜನರೂ ಹಬ್ಬ ಆಚರಣೆಗಳಿಗೆ ನೆಲದ ಮೇಲೆ ಕಾವಿಮಣ್ಣು, ಗಿಡದ ಅರಳೆ ಹಾಕಿ ದೊಡ್ಡ ಚಿತ್ರ ಮಾಡುತ್ತಿದ್ದರು. ಮೈಮೇಲೂ ಬರೆದುಕೊಳ್ಳುತ್ತಿದ್ದರು. ಮುಗಿದ ಮೇಲೆ ಅಳಿಸಿ ಹೋಗುತ್ತಿತ್ತು. ಅದು ಬೋರ್ಡಿನ ಮೇಲೆ, ಕ್ಯಾನ್ವಾಸಿನ ಮೇಲೆ ಬಂದದ್ದು ತೀರಾ ಇತ್ತೀಚೆಗೆ. 1971ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಪಶ್ಚಿಮಕ್ಕೆ ಪಪುನ್ಯಾ ಎಂಬ ಸರ್ಕಾರಿ ವಸಾಹತಿನಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರಿದ್ದರು. ಅವರ ಪ್ರೋತ್ಸಾಹದಿಂದ ಅಲ್ಲಿನ ಹಿರಿಯ ಗಂಡಸರು ಶಾಲೆಯ ಗೋಡೆಯಲ್ಲಿ ಜೇನಿರುವೆಯ ಕತೆಯ ಚಿತ್ರ ಬರೆದರು. ಆಮೇಲೆ ಸಿಕ್ಕ ಸಿಕ್ಕ ಬೋರ್ಡಿನ ತುಂಡಿನ ಮೇಲೂ ಬರೆದರು. 1972ರಲ್ಲಿ ತಮ್ಮದೇ ಕಂಪನಿ ಮಾಡಿಕೊಂಡರು. ಆ ಗೋಡೆಗೆ ಕೆಲವೇ ವರ್ಷಗಳಲ್ಲಿ ಅಧಿಕಾರಿಗಳು ಬಣ್ಣ ಬಳಿಸಿಬಿಟ್ಟರು, ಅದು ಬೇರೆ ಮಾತು. ಶುರುವಿನ ಕೆಲವು ಚಿತ್ರಗಳಲ್ಲಿ ಎಲ್ಲರೂ ನೋಡಬಾರದ ಗುರುತುಗಳೂ ಬಂದುಬಿಟ್ಟಿದ್ದವು. ಅದರಿಂದ ತಮ್ಮವರಲ್ಲೇ ಗಲಾಟೆ ಆಯಿತು. ಆಮೇಲೆ ಅಂಥ ಗುರುತುಗಳನ್ನು ಬಿಟ್ಟರು, ಇಲ್ಲವೇ ಚುಕ್ಕಿಗಳಿಂದ ಮುಚ್ಚಿದರು.

ಹಾಗಾಗಿ '40,000 ವರ್ಷ ಹಳೆಯ ಡಾಟ್ ಪೇಂಟಿಂಗ್' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕತೆ ಹಳೆಯದು, ಗುರುತು ಹಳೆಯದು. ಕ್ಯಾನ್ವಾಸ್ ಮೇಲಿನ ಚುಕ್ಕಿ ನಮ್ಮ ಅತ್ತೆಗಿಂತ ಚಿಕ್ಕದು. ಚುಕ್ಕಿ ಇದ್ದರೆ ಮಾತ್ರ ಅಬೊರಿಜಿನಲ್ ಅನ್ನುವುದೂ ಸುಳ್ಳು. ಉತ್ತರದ ಆರ್ನೆಮ್ ಲ್ಯಾಂಡಿನವರು ನೀಲಗಿರಿ ಜಾತಿಯ ಮರದ ತೊಗಟೆ ಸುಲಿದು, ಬೆಂಕಿಯ ಮೇಲೆ ಬಿಸಿ ಮಾಡಿ ಚಪ್ಪಟೆ ಮಾಡಿ, ಅದರ ಮೇಲೆ ಕೂದಲೆಳೆಯಂಥ ಅಡ್ಡಗೆರೆ ಎಳೆಯುತ್ತಾರೆ. ಒಂದೂ ಚುಕ್ಕಿ ಇಲ್ಲದ್ದೂ ಇರುತ್ತದೆ. ಆಲ್ಬರ್ಟ್ ನಮಟ್ಜಿರಾ (1902-1959) ತಮ್ಮ ಊರಿನ ಬೆಟ್ಟ, ಮರಗಳನ್ನು ಜಲವರ್ಣದಲ್ಲಿ ಬಿಡಿಸಿ ಹೆಸರು ಮಾಡಿದವರು. ಅದೂ ತಮ್ಮ ಜಾಗದ ಮೇಲಿನ ಪ್ರೀತಿಯ ಚಿತ್ರವೇ.

ಈ ಚಿತ್ರಗಳಿಗೆ ಜಾಗದ ಜೊತೆ ಇರುವ ನಂಟು ಸುಮ್ನೆ ಮಾತಿಗೆ ಹೇಳುವುದಲ್ಲ. ನಮ್ಮಲ್ಲಿ ಜಾಗದ ತಕರಾರು ಬಂದರೆ ತಾಲೂಕು ಆಫೀಸಿನಲ್ಲಿ ಮೊದಲು ಆರ್‌ಟಿಸಿ ಕೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ 1997ರಲ್ಲಿ ತಮ್ಮ ಭೂಮಿಯ ಹಕ್ಕು ಕೇಳುವಾಗ ಒಂದು ಚಿತ್ರ ಹಾಸಿದರು. ನುರಾರಾ ಕ್ಯಾನ್ವಾಸ್ ಅಂತ ಅದರ ಹೆಸರು, ಸುಮಾರು 8 ಮೀಟರಿಗೆ 10 ಮೀಟರ್, 40ಕ್ಕೂ ಹೆಚ್ಚು ಜನ ಸೇರಿ ಬರೆದದ್ದು. ವಿಚಾರಣೆಗೆ ಬಂದವರ ಎದುರು ಒಬ್ಬೊಬ್ಬರೂ ಚಿತ್ರದಲ್ಲಿ ತಮ್ಮ ತಮ್ಮ ಜಾಗದ ಮೇಲೆ ಹೋಗಿ ನಿಂತು, ತಮ್ಮ ಭಾಷೆಯಲ್ಲಿ, ಈ ನೀರು ನಮ್ಮದು ಯಾಕೆ ಅಂತ ಹೇಳಿದರು. 2007ರಲ್ಲಿ ಅವರ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಹತ್ತು ವರ್ಷ ಹಿಡಿಯಿತು. ಆಫೀಸಿನ ಕೆಲಸ ಎಲ್ಲ ಕಡೆಯೂ ಹಾಗೆಯೇ ಅಂತ ಕಾಣುತ್ತದೆ.

ಈಗ ನಕಲಿ ಮಾಲಿನ ಸಂಗತಿ, ಕೊಳ್ಳುವವರಿಗೆ ಮುಖ್ಯ ಇದೇ. 1966ರಲ್ಲಿ ಆಸ್ಟ್ರೇಲಿಯಾದವರು ಹೊಸ ಒಂದು ಡಾಲರ್ ನೋಟು ತಂದರು. ಹಿಂಬದಿಯಲ್ಲಿ ಡೇವಿಡ್ ಮಲಾಂಗಿ ಎಂಬ ಕಲಾವಿದರ ತೊಗಟೆ ಚಿತ್ರ. ಅವರನ್ನು ಯಾರೂ ಕೇಳಿರಲೇ ಇಲ್ಲ! ಯಾರೋ ಹೆಸರಿಲ್ಲದವರು, ಯಾವಾಗಲೋ ತೀರಿಕೊಂಡವರು ಬಿಡಿಸಿದ್ದು ಅಂದುಕೊಂಡಿದ್ದರು. ಆಮೇಲೆ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟರು.

ಕಂಬಳಿಯ ಕೇಸ್ ಇನ್ನೂ ಗಟ್ಟಿ. 1990ರ ದಶಕದ ಶುರುವಿನಲ್ಲಿ ಪರ್ತ್‌ನ ಒಂದು ಕಂಪನಿ ವಿಯೆಟ್ನಾಂನಲ್ಲಿ ನೇಯಿಸಿದ ನೆಲಗಂಬಳಿಗಳನ್ನು ತಂದು ಮಾರಿತು. ಅದರ ಮೇಲೆ ಎಂಟು ಅಬೊರಿಜಿನಲ್ ಕಲಾವಿದರ ಚಿತ್ರಗಳ ನಕಲು. ಪವಿತ್ರ ಕತೆಯ ಚಿತ್ರದ ಮೇಲೆ ಜನ ಕಾಲಿಟ್ಟು ನಡೆಯುವುದು! ಕಲಾವಿದರಿಗೆ ದುಡ್ಡಿಗಿಂತ ದೊಡ್ಡ ಹೆದರಿಕೆ ಎಂತ ಗೊತ್ತಾ? ತಮ್ಮವರ ಎದುರು ನಿಲ್ಲುವುದು. ಕತೆ ಕಾಪಾಡುವ ಜವಾಬ್ದಾರಿ ಅವರದ್ದು, ಹೊರಗಿನವರು ಕದ್ದರೂ ಮನೆಯವರು ಕೇಳುವುದು ಅವರನ್ನೇ. ಕಂಬಳಿಯ ಚೀಟಿಯಲ್ಲಿ 'ಪ್ರತಿ ಮಾರಾಟಕ್ಕೂ ಕಲಾವಿದರಿಗೆ ರಾಯಲ್ಟಿ ಸಲ್ಲುತ್ತದೆ' ಅಂತ ಬೇರೆ ಬರೆದಿತ್ತು. 1994ರಲ್ಲಿ ಕೋರ್ಟು 1,88,000 ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು, ಅವರ ಸಂಸ್ಕೃತಿಗೆ ಆದ ನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೂ ನಿಂತಿಲ್ಲ. 2019ರಲ್ಲಿ ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಊದುವ ಡಿಜೆರಿಡೂಗಳನ್ನು ಅಬೊರಿಜಿನಲ್ ಜನರ ಕೈಕೆಲಸ ಅನ್ನುವ ಹಾಗೆ ಮಾರಿದ ಕಂಪನಿಗೆ 23 ಲಕ್ಷ ಡಾಲರ್ ದಂಡ ಬಿತ್ತು. ಅಂದರೆ ಚೀಟಿ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಚೀಟಿಯಲ್ಲಿ ಒಬ್ಬ ಮನುಷ್ಯರ ಹೆಸರು, ಅವರ ಊರು, ನಂಬರು ಇರಬೇಕು, ಆ ನಂಬರನ್ನು ಮಾರಿದವರ ಹತ್ತಿರ ಕೇಳಿದರೆ ಉತ್ತರ ಬರಬೇಕು. ನಾನು ಇಮೇಲ್ ಹಾಕಿ ಕೇಳಿದೆ, ಬಂತು.

ಇನ್ನು ದೂರುಗಳು.

ಒಂದನೆಯದು ಕತೆಯ ಕಾಗದ. ಒಳ್ಳೆಯದೇ, ಆದರೆ ಅದೇ ಕತೆಯ ಬೇರೆ ಬೇರೆ ಕಲಾವಿದರ ಚಿತ್ರಗಳಿಗೂ ಅಕ್ಷರ ಬಿಡದೆ ಅದೇ ಬರಹ. ಕತೆ ಎಲ್ಲರದ್ದು, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಈ ಕಲಾವಿದೆ ಯಾಕೆ ನೇರಳೆ ಬಣ್ಣ ಹಿಡಿದರು, ಇದನ್ನು ಅವರಿಗೆ ಯಾರು ಕಲಿಸಿದರು ಅಂತ ಎರಡು ಸಾಲು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ವೆಬ್‌ಸೈಟಿನ ಫೋಟೋದಲ್ಲಿ ಕಿತ್ತಳೆ ಜಾಸ್ತಿ ಹೊಳೆಯುತ್ತದೆ, ಕೈಗೆ ಬಂದದ್ದು ಸ್ವಲ್ಪ ಮಂಕು. ನನಗೆ ಮಂಕೇ ಇಷ್ಟವಾಯಿತು, ನಿಮಗೆ ಆಗದೇ ಇರಬಹುದು. ಸುಂಕ ಬರುತ್ತದೆ ಅಂತ ಎಲ್ಲೂ ದೊಡ್ಡದಾಗಿ ಹೇಳಿಲ್ಲ. ಕೊರಿಯರ್‌ನವ ಬಾಗಿಲಲ್ಲಿ ನಿಂತು ದುಡ್ಡು ಕೇಳಿದಾಗಲೇ ಗೊತ್ತಾದದ್ದು.

ಫ್ರೇಮಿನ ಕತೆ ಬೇರೆಯೇ. ಚಿತ್ರ ಸುರುಳಿ ಸುತ್ತಿ ಕೊಳವೆಯಲ್ಲಿ ಬರುತ್ತದೆ, ಮರದ ಚೌಕಟ್ಟಿಗೆ ಎಳೆದು ಕಟ್ಟಿಸುವುದು ನಮ್ಮ ಕೆಲಸ. ಹಂಪನಕಟ್ಟೆ ಹತ್ತಿರದ ಒಂದು ಫ್ರೇಮ್ ಅಂಗಡಿಗೆ ಕೊಟ್ಟೆ. ದೇವರ ಫೋಟೋ, ಸನ್ಮಾನಪತ್ರ ಮಾಡುವ ಕೈ ಅವರದ್ದು. ಮೊದಲ ಪ್ರಶ್ನೆಯೇ "ಮೇಲೆ ಯಾವುದು?" ಒಳ್ಳೆಯ ಪ್ರಶ್ನೆ! ಇದನ್ನು ನೆಲದ ಮೇಲೆ ಹಾಸಿ, ಸುತ್ತಲೂ ಕೂತು ತಿರುಗಿಸಿ ಬಿಡಿಸುವುದು. ಮೇಲೆ ಕೆಳಗೆ ಅಂತ ಇಲ್ಲ. ಹೇಗೆ ಬೇಕಾದರೂ ಹಾಕಿ ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಸುತ್ತಲಿನ ಬಿಳಿ ಅಂಚು ಕತ್ತರಿಸಲು ಹೊರಟಿದ್ದರು, ನಾನು ಅಲ್ಲೇ ಇದ್ದ ಕಾರಣ ಉಳಿಯಿತು. ಆ ಅಂಚು ಇರುವುದೇ ಮರಕ್ಕೆ ಮಡಚಿ ಹೊಡೆಯಲು. ಅದನ್ನು ಕತ್ತರಿಸಿದರೆ ಚಿತ್ರವನ್ನೇ ಮಡಚಬೇಕಾಗುತ್ತದೆ. ಬೇಡ ಅಂದರೂ ಗಾಜು ಹಾಕಿಟ್ಟಿದ್ದರು, ತೆಗೆಸಿದೆ. ಹಿಂದೆ ಬರೆದಿದ್ದ ನಂಬರಿನ ಮೇಲೆ ಕಂದು ಕಾಗದ ಅಂಟಿಸಿದ್ದು ಮಾತ್ರ ಹಾಗೆಯೇ ಉಂಟು. ಪುಣ್ಯಕ್ಕೆ ಮೊದಲೇ ಫೋಟೋ ತೆಗೆದಿಟ್ಟಿದ್ದೆ. ನೀವೂ ತೆಗೆದಿಡಿ.

ನಮ್ಮ ಊರಿನ ಮಳೆಗಾಲಕ್ಕೆ ಗಾಜು ಬೇಡವೇ ಬೇಡ. ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಅಕ್ರಿಲಿಕ್ ಚಿತ್ರಕ್ಕೆ ಗಾಜಿನ ಅಗತ್ಯವೂ ಇಲ್ಲ, ಒಣ ಮೆತ್ತನೆಯ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು. ಪಡುವಣ ಗೋಡೆ, ಮಳೆ ಹೊಡೆಯುವ ಗೋಡೆ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ತೊಗಟೆಯ ಚಿತ್ರ ಎಷ್ಟೇ ಆಸೆಯಾದರೂ ಇಲ್ಲಿಗೆ ತರಿಸಬೇಡಿ. ತೇವ ಏರಿಳಿದ ಹಾಗೆ ತೊಗಟೆ ಬಾಗುತ್ತದೆ, ಬಣ್ಣ ಬಿರುಕು ಬಿಡುತ್ತದೆ. ಮೇ ತಿಂಗಳಿಂದ ಜುಲೈಗೆ ಬರುವಷ್ಟರಲ್ಲಿ ನಮ್ಮ ಬಾಗಿಲುಗಳೇ ಮುಚ್ಚುವುದಿಲ್ಲ, ತೊಗಟೆ ಎಲ್ಲಿ ತಡೆಯುತ್ತದೆ?

ಯಾರು ತಗೊಳ್ಳಬೇಕು? ಗೋಡೆ ತುಂಬಿಸಲು ದೊಡ್ಡದು ಬೇಕು ಅನ್ನುವವರಿಗೆ ಇದು ಆಗುವುದಿಲ್ಲ, ದೊಡ್ಡ ಅಳತೆಗೆ ಹೋದರೆ ಬೆಲೆ ಕೈ ಸುಡುತ್ತದೆ. ಚಿಕ್ಕದು ಸಾಕು, ಕತೆ ಬೇಕು ಅನ್ನುವವರು ಕಣ್ಣುಮುಚ್ಚಿ ತಗೊಳ್ಳಿ. ಅಷ್ಟು ದುಡ್ಡು ಬೇಡ ಅನ್ನುವವರಿಗೆ ಕೆಲವು ಕೇಂದ್ರಗಳು ಕಲಾವಿದರ ಒಪ್ಪಿಗೆ ಪಡೆದು ಮಾಡಿಸಿದ ಬಟ್ಟೆಚೀಲ, ಕಪ್ಪು, ಕಾರ್ಡುಗಳನ್ನೂ ಮಾರುತ್ತವೆ. ಅದರಲ್ಲೂ ಕಲಾವಿದರ ಹೆಸರು ಇರಬೇಕು, ನೋಡಿಕೊಳ್ಳಿ. ಆರ್ಡರ್ ಹಾಕುವ ಮೊದಲು ಸುಂಕದ ಲೆಕ್ಕ ಕೇಳಿ, ಫ್ರೇಮಿನವರ ಹತ್ತಿರ ಕ್ಯಾನ್ವಾಸ್ ಎಳೆದು ಕಟ್ಟಿ ಅಭ್ಯಾಸ ಉಂಟಾ ಅಂತಲೂ ಕೇಳಿ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಈ ಕೆಲಸ ಚೆನ್ನಾಗಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ನನಗೂ ತಿಳಿಸಿ, ಆ ಕಂದು ಕಾಗದ ತೆಗೆಸಲಿಕ್ಕುಂಟು.